ದತ್ತಾತ್ರೇಯರ ದವಡೆಗಾವಲು

ಸಿಂಗಪುರದಲ್ಲಿ ಊಟದ ಮೇಜಿನ ಮೇಲೆ ಟಿಶ್ಯೂ ಇಟ್ಟರೆ ಆ ಜಾಗ ಯಾರೋ ಹಿಡಿದಿದ್ದಾರೆ ಎಂದರ್ಥ. ಬಿಶಾನ್‌ನ ಹಾಕರ್ ಸೆಂಟರೆಂಬ ಊಟದಂಗಡಿಗಳ ಸಾಲಿನಲ್ಲಿ ದತ್ತಾತ್ರೇಯರೂ ಹಾಗೇ ಟಿಶ್ಯೂ ಇಟ್ಟು ಗಂಜಿ ತರಲು ಹೋದರು. ಅದರೊಳಗೆ ಅವರು ಹಲ್ಲಿಗೆ ತೊಡುವ ಮೌತ್ ಗಾರ್ಡ್ ಇತ್ತು. ಮೇಜು ಒರೆಸುವ ಆಂಟಿಗೆ ಅದು ಬರೀ ಮುದ್ದೆಯಾದ ಕಸ, ಎತ್ತಿಕೊಂಡು ಹೋದಳು. ಐದು ನಿಮಿಷದಲ್ಲಿ, ಜೊತೆಗೆ ಊಟಕ್ಕೆ ಬಂದಿದ್ದ ಆಫೀಸಿನ ಇಡೀ ಟೀಮು ನೋಡಿತು: ತಮ್ಮ ಮ್ಯಾನೇಜರು ಅಂಗಿಯ ತೋಳು ಮಡಚಿ, ಎಂಜಲು ತಟ್ಟೆಗಳೊಳಗೆ ತಡಕಾಡಿ, ಹಲ್ಲಿನ ಅಚ್ಚೊಂದನ್ನು ಎತ್ತಿ ಹಿಡಿದಿದ್ದಾರೆ.

ಈ ಕಥೆಯನ್ನು ದತ್ತಾತ್ರೇಯರ ಹೆಂಡತಿ ಹಂಸಾಗೆ ಹೇಳಿದವನು ಟೀಮಿನ ನವನೀತ್. ಅವಳು ನಗಲಿಲ್ಲ.

ಮೂರು ತಲೆಯ ದೇವರ ಹೆಸರಿದ್ದರೂ ಅವರಿಗಿದ್ದದ್ದು ಒಂದೇ ದವಡೆ, ಅದೂ ಕೈಕೊಟ್ಟಿತ್ತು. ಮೈಸೂರು ಬಿಟ್ಟು ಹನ್ನೊಂದು ವರ್ಷ, ಯಾರು ಏನೇ ಅಂದರೂ ಹಲ್ಲು ಕಚ್ಚಿಕೊಂಡು ಇದ್ದ ಮನುಷ್ಯ. ಕಚ್ಚಿ ಕಚ್ಚಿಯೇ ಕಿವಿಯ ಮುಂದಿನ ಕೀಲು ಸವೆದು, ಬಾಯಿ ತೆರೆದರೆ ಹಳೇ ಬಾಗಿಲಿನಂತೆ ಕಟಕ್ ಎನ್ನುತ್ತಿತ್ತು. ದಂತವೈದ್ಯೆ ಡಾಕ್ಟರ್ ಲಿಮ್ ಗಾರ್ಡ್ ಮಾಡಿಕೊಟ್ಟರು. ಸದ್ಯಕ್ಕೆ ಹಗಲೂ ಇರಲಿ, ತಿನ್ನುವಾಗ ತೆಗೆಯಿರಿ, ಗಟ್ಟಿ ಪದಾರ್ಥ ಮುಟ್ಟಬೇಡಿ ಎಂದರು. ಹಂಸಾ ಮೂರು ಹೊತ್ತೂ ಮೊಸರನ್ನ ಕಲಸಿದಳು. ಅವಳ ತಂಗಿ ಶೋಭಾ ಊರಿಂದ ತಂದಿದ್ದ ಕೋಡುಬಳೆ ಡಬ್ಬ ಬೀರುವಿನ ನೆತ್ತಿಯೇರಿತು.

ಆಮೇಲೆ ಬುಕಿತ್ ಪಂಜಾಂಗ್‌ನ ಅವರ ಮನೆಯಲ್ಲಿ ಮಾತು ಇಂಗುತ್ತ ಬಂತು. ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಮೂಲೆಯ ಕೋಣೆಗೆ ಕರೆಯುತ್ತಿದ್ದಾರಂತೆ, ಹೋದವರು ಸೀಟಿಗೆ ವಾಪಸ್ ಬರುತ್ತಿಲ್ಲವಂತೆ. ಇದನ್ನೂ ನವನೀತನೇ ಹೇಳಿದ್ದ. ಮರುವಾರ ಅವನನ್ನೇ ಕರೆದರು. ಗಂಡನನ್ನು ಕೇಳಿದರೆ ಬಾಯಿ ತೋರಿಸಿ, ಗಾರ್ಡ್ ಇದೆ ಎಂದು ಸನ್ನೆ. ಕೆಲಸ ಹೋದರೆ ಇಲ್ಲಿರಲು ಬೇಕಾದ ವರ್ಕ್ ಪಾಸೂ ಹೋದಂತೆ, ತಿಂಗಳೊಳಗೆ ಗಂಟುಮೂಟೆ. ಮಗಳು ಪ್ರಣತಿಯ ಪರೀಕ್ಷೆಗೆ ಇನ್ನೂ ಮೂರು ತಿಂಗಳಿತ್ತು. ಮಗಳು ಪಾಸಾಗುವ ಮೊದಲೇ ಅಪ್ಪನ ಪಾಸು ಫೇಲಾದರೆ ಎಂದು ಹಂಸಾ ಒಳಗೊಳಗೇ ಬೆಂದಳು.

ಎಂಟನೇ ವಾರಕ್ಕೆ ಗಾರ್ಡ್ ಬಿರುಕು ಬಿಟ್ಟಿತು. ಡಾಕ್ಟರ್ ಲಿಮ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ವರ್ಷಗಟ್ಟಲೆ ಬಾಳಬೇಕಾದದ್ದರಲ್ಲಿ ಆಗಲೇ ತೂತು. ಹೀಗೇ ಆದರೆ ದವಡೆ ಪೂರ್ತಿ ಲಾಕ್ ಆದೀತು, ಇವರ ಮನಸ್ಸಿನಲ್ಲಿ ಏನಿದೆಯೋ ಮನೆಯವರೇ ಕೇಳಬೇಕು ಎಂದು ಹಂಸಾಳ ಕಡೆ ನೋಡಿದರು. ಹೊಸದು ಬರುವ ತನಕ ಹಳೆಯದೇ ಗತಿ.

ಆ ಸಂಜೆ ಪ್ರಣತಿ ಇನ್ನೊಂದು ಸುದ್ದಿ ತಂದಳು. "ಅಮ್ಮ, ಅಪ್ಪ ಡೈಲಿ ವಾಯ್ಡ್ ಡೆಕ್‌ನಲ್ಲಿ ಒಬ್ರೇ ಕೂತಿರ್ತಾರೆ. ಅರ್ಧ ಗಂಟೆ. ಸೋ ಸ್ಟ್ರೇಂಜ್ ಲಾ."

ಮರುದಿನ ಹಂಸಾ ಲಿಫ್ಟಿಳಿದು ಹೋದಳು. ಬ್ಲಾಕಿನ ಬುಡದ ಆ ಖಾಲಿ ಜಾಗದಲ್ಲಿ, ಕೊನೇ ಕಂಬದ ಹಿಂದೆ ಗಂಡನ ಬೆನ್ನು. ತಲೆ ತಗ್ಗಿದೆ, ಭುಜ ಅದುರುತ್ತಿದೆ. ಕಟಕ್, ಕಟಕ್. ತೊಡೆಯ ಮೇಲೆ ಆಫೀಸಿನ ಕಂದು ಲಕೋಟೆ. ಅವಳನ್ನು ಕಂಡದ್ದೇ ಅದನ್ನು ಮಡಚಿ ಬ್ಯಾಗಿಗೆ ತುರುಕಿದರು.

ಲಕೋಟೆ ನೋಡಿದ ಮೇಲೆ ಇನ್ನೇನು ಉಳಿಯಿತು? ಪಕ್ಕದಲ್ಲಿ ಕೂತಳು. ಬೈಯಬೇಕೆಂದು ಬಂದವಳು ಅವರ ತೋಳು ಹಿಡಿದಳು.

"ರೀ, ನಿಜ ಹೇಳಿ. ಎಲ್ಲ ಮುಗೀತಾ?"

ದತ್ತಾತ್ರೇಯ ನಿಧಾನವಾಗಿ ಗಾರ್ಡ್ ತೆಗೆದರು. ಬಿರುಕಿನ ತುಂಬ ಕೆಂಪಗೇನೋ ಮೆತ್ತಿತ್ತು. ಹಂಸಾಗೆ ಅದು ರಕ್ತದಂತೆಯೇ ಕಂಡಿತು.

"ಕೆಲಸ ಇದೆ ಕಣೆ," ಎಂದರು. "ಮುಗಿದಿದ್ದು ಲಕೋಟೇಲಿದ್ದ ಕೋಡುಬಳೆ. ಹಲ್ಲಿಗೆ ಪೆಟ್ಟಾಗ್ಬಾರ್ದು ಅಂತ ಗಾರ್ಡ್ ಹಾಕ್ಕೊಂಡೇ ತಿಂದೆ."