ಮೇಣದಣ್ಣ ಕೊಯ್ಯದ ತುಂಡು

ಪ್ರಾಣಿಗಳ ರೋಗ ಪತ್ತೆ ಮಾಡುವ ಆ ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಮೇಣದಣ್ಣ ಎನ್ನುತ್ತಿದ್ದರು. ಸತ್ತ ಪ್ರಾಣಿಯ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದು ಅವನ ಇಪ್ಪತ್ತಾರು ವರ್ಷದ ಕಸುಬು. ಬಾಯಿ ಮಾತ್ರ ಬಲು ಜೋರು. ಯಾರಾದರೂ ಇಡೀ ಅಂಗವನ್ನು, ಕೊಳೆಯದಂತೆ ಕಾಯುವ ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿಸಿ ತಂದರೋ, ಮುಗೀತು ಅವರ ಕಥೆ.

"ಉಪ್ಪಿನಕಾಯಿ ಹಾಕಿದ್ದೀರೇನ್ರೀ? ತೆಳ್ಳಗೆ ಕೊಯ್ದು ಹಾಕಿ. ಇಲ್ಲಾಂದ್ರೆ ಫಾರ್ಮಲಿನ್ ಒಳಗಿಳಿಯಲ್ಲ, ನಡುವೆ ಕೊಳೆಯುತ್ತೆ!"

ಮನೆಯಲ್ಲಿ ಅವನ ಹೆಂಡತಿ ಎರಡು ಬೀಜದ ಹೋತ ಸಾಕಿದ್ದಳು. ದೊಡ್ಡವನು, ಚಿಕ್ಕವನು ಎಂದೇ ಕರೆಯುತ್ತಿದ್ದಳು. ಮಕ್ಕಳಿಲ್ಲದ ಮನೆ, ಅವೆರಡೇ ಅವಳ ಅನ್ನ, ಅವಳ ಸಡಗರ. ಸೋಮವಾರ ದೊಡ್ಡವನಿಗೆ ಮೈ ಸುಡುವ ಜ್ವರ ಬಂತು. ವೃಷಣ ಊದಿ ಕಲ್ಲಾಯಿತು. ಬುಧವಾರ ಬೆಳಿಗ್ಗೆ ಸತ್ತೇ ಹೋದ. ಮಧ್ಯಾಹ್ನಕ್ಕೆ ಚಿಕ್ಕವನೂ ಸೊಪ್ಪಿಗೆ ಮೂತಿ ತಿರುಗಿಸಿದ.

"ದೊಡ್ಡವನಿಗೆ ಕೊಟ್ಟ ಮಾಮೂಲಿ ಇಂಜೆಕ್ಷನ್ ನಾಟಲಿಲ್ಲ," ಎಂದರು ಪ್ರಯೋಗಾಲಯದ ಡಾಕ್ಟರಮ್ಮ. "ದೊಡ್ಡವನ ವೃಷಣ ತನ್ನಿ. ಒಳಗೆ ಏನಾಗಿದೆ ಅಂತ ನೋಡಿದ್ರೆ ಯಾವ ಸೋಂಕು ಅಂತ ಸುಳಿವು ಸಿಗುತ್ತೆ, ಚಿಕ್ಕವನಿಗೆ ಮದ್ದು ಬದಲಾಯಿಸ್ಬಹುದು. ಬೇಗ!"

ಹಿತ್ತಲಲ್ಲಿ ಕೂತು ಅವನು ಅಂಗವನ್ನು ಬೇರ್ಪಡಿಸಿದ. ಅದಿನ್ನೂ ಬೆಚ್ಚಗಿತ್ತು. ಬಾಟಲಿ ಹಾಲು ಕುಡಿಸಿ ತೊಡೆಯ ಮೇಲೆ ಬೆಳೆಸಿದ ಜೀವ. ಅದನ್ನು ಸೀಳಲು ಅವನ ಕರುಳು ಒಪ್ಪಲಿಲ್ಲ. ಇಡಿಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದ. ಅಯ್ಯೋ, ಊರಿಗೆಲ್ಲ ಬುದ್ಧಿ ಹೇಳಿದ ಮಹಾರಾಯ!

ಶುಕ್ರವಾರ ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಅಂಚಿನಲ್ಲಿ ಒಂದಿಷ್ಟು ಗುಲಾಬಿ ಬಣ್ಣ, ಒಳಗೆಲ್ಲ ಬರೀ ರಾಡಿ.

"ಇದು ರೋಗ ಕೊಳೆಸಿದ್ದೋ, ಸತ್ತ ಮೇಲೆ ಕೊಳೆತಿದ್ದೋ, ಹೇಳೋಕೇ ಆಗಲ್ಲ. ಯಾರ್ರೀ ಇಡಿಯಾಗಿ ಹಾಕಿದ್ದು?"

"ನಾನೇ, ಅಮ್ಮಾ."

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಡಾಕ್ಟರಮ್ಮ ಗಾಜನ್ನು ತೆಗೆದು ಪಕ್ಕಕ್ಕಿಟ್ಟರು.

ಮನೆಯಲ್ಲಿ ಹೆಂಡತಿ ಚಿಕ್ಕವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಯಾವ ಮದ್ದಂತ್ರೀ?"

"ಗೊತ್ತಾಗ್ಲಿಲ್ಲ ಕಣೇ. ತಪ್ಪು ನಂದೇ. ನಾನು ಕೊಯ್ಯಲಿಲ್ಲ."

"ದಿನಾ ಕೊಯ್ಯೋ ಕೈ ಅಲ್ವೇನ್ರೀ ಅದು?" ಎಂದು ಅವಳು ಗೋಳೋ ಎಂದು ಅತ್ತಳು. "ಇವನಿಗೋಸ್ಕರ ಒಂದ್ಸಲ ಕಲ್ಲಾಗೋಕೆ ಆಗ್ಲಿಲ್ವಾ?"

ಶನಿವಾರ ಮಧ್ಯಾಹ್ನ ಚಿಕ್ಕವನ ಉಸಿರು ನಿಂತಿತು. ಮೇಣದಣ್ಣ ಅಳುತ್ತಲೇ ಚೂರಿ ಹಿಡಿದ. ಈ ಸಲ ವೃಷಣವನ್ನು ಇಡಿಯಾಗಿ ಬಿಡಲಿಲ್ಲ. ತೆಳ್ಳಗೆ, ಒಂದೇ ಸಮನೆ ಕೊಯ್ದ.

ಸೋಮವಾರ ಗಾಜಿನ ಮೇಲೆ ಎಲ್ಲವೂ ನಿಚ್ಚಳವಾಗಿತ್ತು. ಕೀವಿನ ಕಣಗಳ ದಂಡು, ರಕ್ತ ಸೋರಿದ ಜಾಗ, ವೀರ್ಯ ಹುಟ್ಟಬೇಕಾದ ನಾಳಗಳಲ್ಲಿ ಸತ್ತು ಉದುರಿದ ಜೀವಕೋಶಗಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಚೀಟಿಯಲ್ಲಿ ಮದ್ದಿನ ಹೆಸರು ಬರೆದರು. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಚೀಟಿಯನ್ನು ಅವನು ಹೆಂಡತಿಯ ಕೈಗಿತ್ತ. ಅವಳು ಎರಡು ಸಲ ಓದಿದಳು, ಖಾಲಿ ಕೊಟ್ಟಿಗೆಯ ಕಡೆ ನೋಡಿದಳು.

"ಯಾರಿಗೆ ಕೊಡಿಸ್ಲಿ, ಹೇಳಿ?" ಎಂದಳು.