ಬೆಂಚಿನಿಂದ ಎದ್ದ ಭಾವ

ನಮ್ಮ ಭಾವ ಒಂದು ಕಾಲಕ್ಕೆ ದೇಶದ ಹಾಕಿ ತಂಡದ ಎರಡನೆಯ ಗೋಲ್‌ಕೀಪರ್. ಅಂದರೆ, ಮೊದಲನೆಯವನ ಕಾಲು ಮುರಿಯಲೆಂದು ಊರೂರಿನ ಬೆಂಚುಗಳ ಮೇಲೆ ಕೂತು ಹಾರೈಸುವ ಕೆಲಸ. ಒಂದೇ ಒಂದು ಪಂದ್ಯ ಆಡಿ ಸಾಯಬೇಕೆಂಬುದು ಅವರ ಆಸೆ. ಮೊದಲನೆಯವನೋ ಗಟ್ಟಿಪಿಂಡ. ಬೆವರಿದ ಕೈಗವಸು ಬಿಚ್ಚಿ ಭಾವನ ಮಡಿಲಿಗೆ ಎಸೆದು, “ಒಣಗಿಸಿಡಪ್ಪ, ಅಷ್ಟಾದ್ರೂ ದೇಶಸೇವೆ ಮಾಡು” ಅನ್ನುತ್ತಿದ್ದ.

ಕೊನೆಗೊಂದು ಪಂದ್ಯದಲ್ಲಿ ಅವನ ಮಂಡಿ ಉಳುಕಿತು. ಭಾವ ದಪ್ಪ ಪ್ಯಾಡು ಕಟ್ಟಿಕೊಂಡು ಮದುಮಗನ ಗತ್ತಿನಲ್ಲಿ ಗೋಲಿನೆದುರು ನಿಂತರು. ಮೊದಲನೆಯವನು ಬಿಟ್ಟುಕೊಟ್ಟಿದ್ದ ಗೋಲಿನಿಂದಾಗಿ, ಆಟ ಮುಗಿಯುತ್ತ ಬಂದರೂ ತಂಡ ಒಂದು ಗೋಲು ಹಿಂದಿತ್ತು. ಅಂಥ ಹೊತ್ತಿನಲ್ಲಿ ಕೀಪರನ್ನು ತೆಗೆದು, ಗೋಲು ಹೊಡೆಯುವವನೊಬ್ಬನನ್ನು ಇಳಿಸುವುದು ಹಾಕಿಯ ರೂಢಿ.

“ಈಚೆ ಬಾರಯ್ಯ!” ಎಂದು ಕೋಚು ಕೂಗಿದ.

“ಇಷ್ಟು ವರ್ಷ ಕೂತಿದ್ದು ಸಾಕು ಸಾರ್. ನಾನು ಬರಲ್ಲ.”

“ಬರ್ದಿದ್ರೆ ಇನ್ನು ಟೀಮಿನ ಕಡೆ ತಲೆ ಹಾಕಿನೂ ಮಲಗ್ಬೇಡ!”

ಭಾವ ಗೋಲಿನ ಕಂಬ ತಬ್ಬಿಕೊಂಡರು. ತಂಡ ಸೋತಿತು. ಕೋಚು ಮಾತು ಉಳಿಸಿಕೊಂಡ.

ಈಗಲೂ ಮನೆಗೆ ಬಂದವರಿಗೆಲ್ಲ ಭಾವ, “ನಾನು ನಿಂತಿರೋವರೆಗೂ ಒಬ್ಬನಿಗೂ ಗೋಲು ಹೊಡೆಯೋಕೆ ಆಗ್ಲಿಲ್ಲ” ಎಂದು ಎದೆಯುಬ್ಬಿಸಿ ಹೇಳುತ್ತಾರೆ.

ಒಳಗಿನಿಂದ ಅಕ್ಕ ಕೇಳುತ್ತಾಳೆ: “ಚೆಂಡು ಆ ಕಡೆಗೆ ಬಂದಿದ್ರೆ ತಾನೇ?”