ಪುಟ್ಟಿಯ ಮುಡಿ, ಪುಟ್ಟಿಯ ಪಾಸ್‌ಪೋರ್ಟು

ಅದು 1967. ಬೆಟ್ಟದಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನೊಬ್ಬನೇ. ಹಾಗಾಗಿ ಅಕ್ಕನ ಮಗಳು ಪುಟ್ಟಿಯ ಪಾಸ್‌ಪೋರ್ಟಿನ ಓಡಾಟ ನನ್ನ ಪಾಲಿಗೆ ಬಂತು.

ನಮ್ಮ ಭಾವ ಮಿರ್ಲೆಯವರು. ಹುಣಸೂರಿನ ಸಾಮಿಲ್ಲಿನಲ್ಲಿ ಮರ ಕೊಯ್ಯುವುದನ್ನು ಕಲಿತು, ಮಾಲೀಕರ ನೆಂಟರ ಜೊತೆ ಆಫ್ರಿಕದ ನೈರೋಬಿಗೆ ಹೋಗಿದ್ದರು. ಪುಟ್ಟಿ ಹುಟ್ಟಿದ್ದು ಅಲ್ಲೇ. ನಮ್ಮಪ್ಪ ತೀರಿಕೊಂಡಾಗ ಅಕ್ಕ ವರ್ಷದ ಕೂಸನ್ನು ಎತ್ತಿಕೊಂಡು ಊರಿಗೆ ಬಂದಳು. ಭಾವ ಅಲ್ಲಿ ಸರಿಯಾದ ಮನೆ ಮಾಡಿ ಇಬ್ಬರನ್ನೂ ಕರೆಸಿಕೊಳ್ಳುವ ಹೊತ್ತಿಗೆ ಕೂಸಿಗೆ ಐದು ತುಂಬಿತ್ತು. ಅಷ್ಟರಲ್ಲಿ ಅದು ನನ್ನ ಕೂಸಾಗಿಬಿಟ್ಟಿತ್ತು. ನನ್ನ ತಟ್ಟೆಯಲ್ಲೇ ಉಣ್ಣುತ್ತಿತ್ತು, ನನ್ನ ಪಂಚೆಯ ಚುಂಗು ಹಿಡಿದುಕೊಂಡೇ ಮಲಗುತ್ತಿತ್ತು.

ಬರುವಾಗ ಅಕ್ಕನ ಪಾಸ್‌ಪೋರ್ಟಿನಲ್ಲೇ ಮಗುವಿನ ಹೆಸರಿತ್ತು. ಹೋಗುವಾಗ ಮಗುವಿಗೆ ಬೇರೆಯದೇ ಬೇಕೆಂದರು. ಅರ್ಜಿ ಮದರಾಸಿಗೆ ಹೋಗಬೇಕು. ಹೊರದೇಶದಲ್ಲಿ ಹುಟ್ಟಿದ ಮಗು ನಮ್ಮ ದೇಶದ್ದೇ ಎನ್ನುವುದಕ್ಕೆ ದಾಖಲೆ ಬೇಕು. ಪಿರಿಯಾಪಟ್ಟಣದ ಕಚೇರಿಯೊಂದರಲ್ಲಿ ಗುಮಾಸ್ತರು ಕನ್ನಡಕ ಹಣೆಗೇರಿಸಿ, "ಅಲ್ಲಯ್ಯ, ನಮ್ ತಾಲ್ಲೂಕಲ್ಲಿ ಹುಟ್ದೇ ಇರೋ ಮಗೀಗೆ ನಾನೇನಂತ ಬರ್ಕೊಡ್ಲಿ? ಅವರಪ್ಪ ಈ ದೇಶದೋನು ಅಂತ ತೋರ್ಸು ಮೊದ್ಲು" ಅಂದರು. ಮಿರ್ಲೆಗೆ ಹೋಗಿ ಭಾವನ ಶಾಲೆಯ ಸರ್ಟಿಫಿಕೇಟ್ ತಂದೆ. ಹುಣಸೂರಿನ ಸ್ಟುಡಿಯೋದಲ್ಲಿ ಪುಟ್ಟಿಗೆ ಎರಡು ಜಡೆ ಹಾಕಿಸಿ ಫೋಟೋ ತೆಗೆಸಿದೆ. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು, ಕಿಟಕಿಯಾಚೆ ತೇಲಿಹೋಗುವ ಹೊಗೆಸೊಪ್ಪಿನ ಹೊಲಗಳನ್ನು ನೋಡುತ್ತ ಅವಳು ಕೇಳುತ್ತಿದ್ದಳು: "ಮಾವ, ಸಮುದ್ರನೂ ಇಂಗೇ ಹಸ್ರಾಗಿರ್ತದಾ? ಹಡಗಲ್ಲಿ ನೀನೂ ಬತ್ತೀಯಲ್ವಾ?"

ನಾನು ಹೂಂ ಅನ್ನುತ್ತಿದ್ದೆ.

ಅರ್ಜಿ ಹೋಯಿತು. ಪೊಲೀಸರು ಮನೆಗೆ ಬಂದು ವಿಚಾರಣೆ ಮಾಡುತ್ತಾರೆಂದು ತಿಳಿಯಿತು. ಅದೇ ವಾರ ಭಾವನ ಕಾಗದ ಬಂತು. ಅದನ್ನು ಓದಿ ಹೇಳಿದವನೂ ನಾನೇ. "ಇಲ್ಲಿಯ ಸರ್ಕಾರ ಹೊರಗಿನವರನ್ನು ಬಿಟ್ಟುಕೊಳ್ಳುವುದನ್ನು ಯಾವಾಗ ನಿಲ್ಲಿಸುವುದೋ ತಿಳಿಯದು. ಬೇಗ ಹೊರಡಿ" ಎಂದು ಬರೆದಿದ್ದರು. ಅಕ್ಕ ಆ ಕಾಗದವನ್ನು ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಅವಳ ಮುಖ ಮದುವೆಯ ದಿನದ ಹಾಗಿತ್ತು.

ಆ ಸಂಜೆ ನಾನು ಅವ್ವನಿಗೆ ಹೇಳಿದೆ: "ಅವ್ವ, ಪುಟ್ಟಿ ಮುಡಿ ಕೊಡೋ ಹರಕೆ ಇತ್ತಲ್ವಾ?"

"ಅಯ್ಯೋ ನನ್ ಶಿವನೆ, ಮರ್ತೇ ಬುಟ್ಟಿದ್ದೆ ಕಣ್ಲಾ! ಕಡಲು ದಾಟೋ ಕೂಸು, ದೇವ್ರ ಹರಕೆ ಹೊತ್ಕೊಂಡು ಹೋದೀತಾ?"

ಅಕ್ಕ ಅನುಮಾನದಿಂದ ನನ್ನ ಕಡೆ ತಿರುಗಿದಳು. "ಪೋಟೋದಲ್ಲಿ ಜಡೆ ಐತಲ್ಲೋ. ಏನೂ ತೊಂದ್ರೆ ಆಗಕಿಲ್ವಾ?"

"ಏನಾಯ್ತದೆ ಬುಡಕ್ಕ" ಅಂದೆ. ಏನಾಗುತ್ತದೆಂದು ಗೊತ್ತಿದ್ದೇ ಅಂದೆ.

ಸೋಮವಾರ ಬೆಳಗಿನ ಜಾವ ಬೆಟ್ಟ ಹತ್ತಿದೆವು. ಮಂಜು ಎಷ್ಟಿತ್ತೆಂದರೆ ಮೆಟ್ಟಿಲು ನಾವು ಕಾಲಿಟ್ಟಾಗಲೇ ಹುಟ್ಟುತ್ತಿದ್ದಂತೆ ಕಾಣುತ್ತಿತ್ತು. ಅವ್ವ, ಅಕ್ಕ ಮುಂದೆ ಹೋದವರು ಮಂಜಿನೊಳಗೆ ಕರಗಿ, ಬಳೆಯ ಸದ್ದಷ್ಟೇ ಕೇಳಿಸುತ್ತಿತ್ತು. ಮೇಲೆ ಕ್ಷೌರದವನು ತಣ್ಣೀರು ಚಿಮುಕಿಸಿದಾಗ ಪುಟ್ಟಿ ಅಳಲಿಲ್ಲ, ಕಿಲಕಿಲ ನಕ್ಕಳು. ಜಡೆ ಎರಡೂ ಬಾಳೆಯೆಲೆಯ ಮೇಲೆ ಬಿದ್ದವು. ಬೋಳು ತಲೆಗೆ ಗಂಧ ಬಳಿದರು. ಇಳಿಯುವಾಗ ನನ್ನ ಹೆಗಲ ಮೇಲಿದ್ದ ಅವಳು, "ಮಾವ, ನನ್ ತಲೆ ಮೇಲೆ ಗಾಳಿ ನಡೀತೈತೆ" ಅಂದಳು. ಆಮೇಲೆ ನನ್ನ ಕುತ್ತಿಗೆಗೆ ಒರಗಿ ನಿದ್ದೆ ಹೋದಳು. ಕೆಳಗೆ ಊರು, ಕೆರೆ ಯಾವುದೂ ಇರಲಿಲ್ಲ. ಬರೀ ಬಿಳುಪು. ಲೋಕದಲ್ಲಿ ನಾನು ಮತ್ತು ಆ ಗಂಧದ ಪರಿಮಳ, ಅಷ್ಟೇ.

ಆ ವಾರದಲ್ಲೇ ಪೊಲೀಸ್ ದಫೇದಾರರು ಸೈಕಲ್ಲಿನಲ್ಲಿ ಬಂದರು. ಜಗಲಿಯಲ್ಲಿ ಕೂತು, ಫೋಟೋ ತೆಗೆದು, "ಈ ಗುಂಡ ಯಾರವ್ವ? ಪೋಟೋದಲ್ಲಿರೋ ಹೆಣ್ ಮಗೀನ ಕರೀರಿ" ಅಂದರು.

"ಅವ್ಳೇ ಕಣ್ ಸ್ವಾಮಿ. ದೇವ್ರಿಗೆ ಮುಡಿ ಕೊಟ್ಟದೆ" ಅಂದಳು ಅವ್ವ.

"ದೇವ್ರಿಗೆ ಮುಡಿ ಕೊಟ್ರಿ, ಸರಿ. ಮದ್ರಾಸ್ನೋರಿಗೆ ನಾನೇನ್ ಕೊಡ್ಲಿ?" ಅಂದರು. ಎಲ್ಲರೂ ನಕ್ಕರು, ಪುಟ್ಟಿಯೂ ನಕ್ಕಳು. ಒಳ್ಳೆಯ ಮನುಷ್ಯ. ಹೊರಡುವಾಗ ನನ್ನನ್ನು ಸೈಕಲ್ಲಿನ ಹತ್ತಿರ ಕರೆದು, "ನೀನು ಓದ್ದೋನು. ಈಗಿರೋ ಹಂಗೇ ಒಂದು ಪೋಟೋ ತೆಗ್ಸಿ, ಮ್ಯಾಜಿಸ್ಟ್ರೇಟ್ರ ಮುಂದೆ ಒಂದು ಅಫಿಡವಿಟ್ ಮಾಡ್ಸಿ ತಾ. ಇಬ್ರೂ ಒಬ್ಳೇ ಅಂತ ನಾನೇ ಬರ್ದು ಕಳಿಸ್ತೀನಿ. ತಡ ಮಾಡ್ಬೇಡ" ಅಂದರು.

ನಾನು ಒಳಗೆ ಬಂದು, "ಕೂದ್ಲು ಬೆಳೆಯೋಗಂಟ ಕಾಯ್ಬೇಕಂತೆ ಅಕ್ಕ" ಅಂದೆ.

ಅಕ್ಕ ಕಾದಳು. ದಿನವೂ ಆ ಬೋಳು ತಲೆಗೆ ಹರಳೆಣ್ಣೆ ತಿಕ್ಕಿದಳು, ಬೇಗ ಬೆಳೆಯಲಿ ಎಂದು. ಕೂದಲು ಬೆಳೆಯಿತು, ದಫೇದಾರರು ಬರೆದು ಕಳಿಸಿದರು, ಪಾಸ್‌ಪೋರ್ಟೂ ಬಂತು. ಅದರ ಹಿಂದೆಯೇ ಭಾವನ ಕಾಗದ ಬಂತು. ಅಲ್ಲಿ ಬಾಗಿಲು ಮುಚ್ಚಿತ್ತು. ಹೊಸದಾಗಿ ಯಾರಿಗೂ ಒಳಗೆ ಬರಲು ಅಪ್ಪಣೆ ಇರಲಿಲ್ಲ.

"ದೇವ್ರು ಕೇಳ್ದ, ಕೊಟ್ವಿ. ಅವ್ನಿಗೆ ನಾವ್ ಓಗೋದು ಇಷ್ಟ ಇರ್ನಿಲ್ಲ" ಅಂದಳು ಅಕ್ಕ. ನನ್ನ ತಪ್ಪನ್ನು ಅವಳು ದೇವರ ತಲೆಗೆ ಕಟ್ಟಿದಳು, ನಾನು ಕಟ್ಟಲು ಬಿಟ್ಟೆ.

ಭಾವ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಹುಣಸೂರಿನ ಬಸ್ ನಿಲ್ದಾಣದಲ್ಲಿ ಇಳಿದವರು ಮಗಳ ಪಕ್ಕದಲ್ಲೇ ಹಾದು ಮುಂದೆ ಹೋದರು. ಇಬ್ಬರಿಗೂ ಗುರುತು ಸಿಗಲಿಲ್ಲ. ಮನೆಯಲ್ಲಿ ಪೆಟ್ಟಿಗೆ ತೆರೆದು ಒಂದು ಹಳದಿ ಫ್ರಾಕು ತೆಗೆದರು. ಹಡಗಿನಿಂದ ಇಳಿದ ಕೂಡಲೇ ಹಾಕಿಸಬೇಕೆಂದು ಆಗ ಕೊಂಡದ್ದು. ಒಂಬತ್ತು ವರ್ಷದ ಪುಟ್ಟಿ ಅದನ್ನು ಎದೆಗೆ ಹಿಡಿದು ನಿಂತಳು. ಅದು ಅವಳ ಸೊಂಟಕ್ಕೆ ಬಂತು. ಭಾವ ಅದನ್ನು ನಿಧಾನವಾಗಿ ಇಸಿದುಕೊಂಡು ಮಡಿಚಿ ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು.

ಭಾವ, ಅಕ್ಕ ಇಬ್ಬರೂ ಈಗಿಲ್ಲ. ಅವರಿದ್ದಾಗ ಹೇಳಲು ನನಗೆ ಬಾಯಿ ಬರಲಿಲ್ಲ. ಪುಟ್ಟಿ ಕೆ.ಆರ್. ನಗರದಲ್ಲಿದ್ದಾಳೆ, ಅವಳಿಗೂ ಕೂದಲು ನೆರೆತಿದೆ. ಈ ಪತ್ರಿಕೆ ಅವಳ ಮನೆಗೆ ಬರುತ್ತದೆ, ಓದುತ್ತಾಳೆ. ಓದಲೆಂದೇ ಬರೆದೆ. ಆಮೇಲೆ ಅವಳು ಏನೆಂದರೂ ಕೇಳಲು ಸಿದ್ಧನಿದ್ದೇನೆ.

ಒಂದು ಮಾತು ಮಾತ್ರ ಅವಳಿಗೆ ಮುಚ್ಚಿಡಲಾರೆ. ಎಷ್ಟು ಪಶ್ಚಾತ್ತಾಪ ಪಟ್ಟರೂ, ಕಣ್ಣು ಮುಚ್ಚಿದರೆ ನನಗೆ ಮೊದಲು ಬರುವುದು ಆ ಹಳದಿ ಫ್ರಾಕಲ್ಲ. ಆ ಮಂಜು, ಕುತ್ತಿಗೆಯ ಮೇಲೆ ಅವಳ ಬಿಸಿಯುಸಿರು, ಆ ಗಂಧ. ನನ್ನ ಬದುಕಿನಲ್ಲಿ ಅದಕ್ಕಿಂತ ಸುಖದ ಬೆಳಗು ಇನ್ನೊಂದಿಲ್ಲ, ಪುಟ್ಟಿ. ಅದನ್ನೇ ನನಗೆ ಕ್ಷಮಿಸಿಕೊಳ್ಳಲಾಗುತ್ತಿಲ್ಲ.